ಹೊಸ್ತಿಲು ದಾಟುವ ಹೆಸರು

ದೇವದುರ್ಗ ತಾಲೂಕಿನ ಮೊಸರಕಲ್ಲಿನಲ್ಲಿ ೧೭೨೧ರಲ್ಲಿ ಜನಿಸಿದ ಭಾಗಣ್ಣನೆಂಬವನನ್ನು ಆ ಹೆಸರಿನಿಂದ ಬಲ್ಲವರು ಇಂದು ವಿರಳ. ಮನೆಯ ಮಂದಿಗೂ ಓಣಿಯ ನೆರೆಯವರಿಗೂ ಆತ ಭಾಗಣ್ಣನಾಗಿಯೇ ಇದ್ದಿರಬೇಕು. ಆದರೆ ಆತನ ಅಂತರಂಗದಿಂದ ಹೊರಟ ಪದಗಳು ಮನೆಯ ಹೊಸ್ತಿಲನ್ನು ದಾಟಿ, ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡನ್ನೂ ದಾಟಿ, ಆತನನ್ನು ಎಂದೂ ಕಣ್ಣಾರೆ ಕಾಣದ ಜನರ ಕೊರಳುಗಳಲ್ಲಿ ನೆಲೆಗೊಂಡಾಗ ಅವುಗಳ ಕೊನೆಯ ನುಡಿಯಲ್ಲಿ ನಿಂತದ್ದು ‘ಗೋಪಾಲವಿಠಲ’ ಎಂಬ ಅಂಕಿತ. ಆ ಅಂಕಿತವನ್ನು ಅನುಗ್ರಹಿಸಿದ ವಿಜಯದಾಸರೂ ಮಾನವಿ ತಾಲೂಕಿನ ಚೀಕಲಪರ್ವಿಯಲ್ಲಿ ದಾಸಪ್ಪನಾಗಿ ಹುಟ್ಟಿ ಲೋಕಕ್ಕೆ ‘ವಿಜಯವಿಠಲ’ ಎಂಬ ಅಂಕಿತದಿಂದ ಪರಿಚಿತರಾದವರು. ಮಾನವಿಯಲ್ಲಿ ನೆಲಸಿ ಹರಿಕಥಾಮೃತಸಾರವನ್ನು ರಚಿಸಿದ ಶ್ರೀನಿವಾಸಾಚಾರ್ಯರೂ ‘ಜಗನ್ನಾಥವಿಠಲ’ ಎಂಬ ಅಂಕಿತವನ್ನು ಪಡೆದು ಜಗನ್ನಾಥದಾಸರಾದವರು.

ಮನೆಯೊಳಗೆ ಒಂದು ಹೆಸರು, ಮನೆಯಿಂದ ಹೊರಗೆ ಮತ್ತೊಂದು ಹೆಸರು ಎಂಬ ಈ ವ್ಯವಸ್ಥೆಯಲ್ಲಿ ನಮ್ಮ ಹಿರಿಯರಿಗೆ ಯಾವ ಕಪಟವೂ ಕಾಣಲಿಲ್ಲ. ಏಕೆಂದರೆ ಅಂಕಿತವೆಂಬುದು ಕವಿಯು ತನಗೆ ತಾನೇ ಇಟ್ಟುಕೊಂಡ ಬಿರುದಲ್ಲ. ಕೊಡುವ ಅಧಿಕಾರವುಳ್ಳ ಗುರುವು ಕೊಡಬೇಕು, ಕೊಟ್ಟದ್ದನ್ನು ಶಿಷ್ಯನು ಎಲ್ಲ ಪದಗಳಲ್ಲಿಯೂ ತಪ್ಪದೆ ಧರಿಸಬೇಕು, ಹಾಡನ್ನು ಕೇಳಿದವನು ಆ ಹೆಸರಿನ ಜಾಡನ್ನು ಹಿಡಿದು ಹಿಂದಕ್ಕೆ ನಡೆದರೆ ಹಾಡಿದವನ ಬಾಗಿಲನ್ನೇ ಬಂದು ಮುಟ್ಟಬೇಕು. ಈ ಮೂರು ನಿಯಮಗಳೂ ಮನಸ್ಸಿನಲ್ಲಿರಲಿ. ಇಂದು ನಾವು ಕೈಯಲ್ಲಿರುವ ಫೋನಿನಿಂದ ಕ್ಷಣಮಾತ್ರದಲ್ಲಿ ಕಳುಹಿಸುವ ಇಮೇಲಿಗೂ ಇವೇ ನಿಯಮಗಳು ಅನ್ವಯಿಸುತ್ತವೆ. ಇವುಗಳನ್ನು ಮರೆತ ಕಡೆ ಪತ್ರಗಳು ದಾರಿಯಲ್ಲಿಯೇ ಅಳಿದುಹೋಗುತ್ತವೆ.

ಅಂತಹ ಒಂದು ಪ್ರಸಂಗವನ್ನು ನಾನು ಹತ್ತಿರದಿಂದ ಕಂಡೆನು. ರಾಯಚೂರಿನ ಗಂಜಿನಲ್ಲಿ ಅಡತಿ ಅಂಗಡಿಯನ್ನು ನಡೆಯಿಸುವ ನನ್ನ ಹಿರಿಯ ಮಿತ್ರರೊಬ್ಬರಿಗೆ ದೇವದುರ್ಗದಲ್ಲಿ ಹತ್ತಿಯ ಖರೀದಿಗೆಂದು ಒಂದು ಸಣ್ಣ ಕಚೇರಿಯೂ ಮಾನವಿಯಲ್ಲಿ ಭತ್ತದ ಗೋದಾಮೂ ಇವೆ. ದೇವದುರ್ಗದ ಕಚೇರಿಯ ಮೂಲೆಯಲ್ಲಿ, ಲೆಕ್ಕದ ಪುಸ್ತಕಗಳ ಕಪಾಟಿನ ಪಕ್ಕದಲ್ಲಿ, ಒಂದು ಲಿನಕ್ಸ್ ಸರ್ವರ್ ಇದೆ. ದಿನದ ತೂಕದ ಚೀಟಿಗಳೂ ರೈತರ ಖಾತೆಗಳೂ ಅದರಲ್ಲಿ ದಾಖಲಾಗುತ್ತವೆ. ನಡುರಾತ್ರಿ ಅದು ಅವುಗಳ ನಕಲನ್ನು ಬೇರೊಂದು ಡಿಸ್ಕಿಗೆ ಬರೆದು, ಕೆಲಸವು ಕೂಡಿತೋ ಕೆಟ್ಟಿತೋ ಎಂಬ ವರದಿಯನ್ನು ಸಾಹುಕಾರರಿಗೆ ಮೇಲ್ ಮಾಡಬೇಕು. ಒಂದು ಬೇಸಿಗೆಯಲ್ಲಿ, ಕರೆಂಟು ಹೋಗಿ ಬಂದು ಮಾಡಿದ ಒಂದು ಸಂಜೆ, ಮೊದಲ ಡಿಸ್ಕು ಕೆಟ್ಟುಹೋಯಿತು. ನಕಲಿನ ಡಿಸ್ಕನ್ನು ತೆರೆದು ನೋಡಿದರೆ ಅದರಲ್ಲಿ ಐದು ವಾರಗಳಿಂದ ಒಂದು ಅಕ್ಷರವೂ ಹೊಸದಾಗಿ ಸೇರಿರಲಿಲ್ಲ. ಆ ಐದು ವಾರಗಳ ಚೀಟಿಗಳನ್ನು ಗೋಣಿಚೀಲದಿಂದ ಹೊರಗೆ ಸುರಿದು, ಒಂದೊಂದನ್ನಾಗಿ ಓದಿ, ಮರಳಿ ಬರೆದುಕೊಳ್ಳಬೇಕಾಯಿತು.

“ದಿನಾ ರಾತ್ರಿ ವರದಿ ಕಳಸ್ತದಂತ ಹೇಳಿದ್ದಿ. ನನಗ ಒಂದೂ ಮುಟ್ಟಿಲ್ಲ ನೋಡಪ್ಪ” ಎಂದು ಸಾಹುಕಾರರು ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನನ್ನು ಕೇಳಿದರು. ಅವನು ಬಹಳ ಹೊತ್ತು ಪರದೆಯನ್ನು ನೋಡುತ್ತ ಕುಳಿತಿದ್ದು, ಕಡೆಗೆ ತಗ್ಗಿದ ದನಿಯಲ್ಲಿ, “ಅದರ ತಪ್ಪಿಲ್ರಿ ಸಾವ್ಕಾರ್ರ. ಅದು ದಿನಾ ಹೇಳ್ಯದ. ಟಪಾಲು ಹೊರಗ ಹೋಗಿಲ್ಲ, ಅಷ್ಟ” ಎಂದನು. ಸರ್ವರಿನ ಒಳಗೆ ‘ರೂಟ್’ ಎಂಬ ಯಜಮಾನನ ಹೆಸರಿನಲ್ಲಿ ಒಂದು ಅಂಚೆಪೆಟ್ಟಿಗೆ ಇರುತ್ತದೆ. ಅದನ್ನು ಯಾರೂ ಎಂದೂ ತೆರೆದಿರಲಿಲ್ಲ. ಹೊರಗಿನ ಸರ್ವರು ತಿರಸ್ಕರಿಸಿ ಹಿಂದಿರುಗಿಸಿದ ಪ್ರತಿಯೊಂದು ವರದಿಯೂ, ತಿರಸ್ಕಾರದ ಕಾರಣವನ್ನು ಹೊತ್ತುಕೊಂಡು, ಅಲ್ಲಿ ರಾಶಿಯಾಗಿ ಬಿದ್ದಿತ್ತು. ಎಲ್ಲದರಲ್ಲಿಯೂ ಕಾರಣವು ಒಂದೇ: ಕಳುಹಿಸಿದವನ ವಿಳಾಸದಲ್ಲಿರುವ ಊರು ಲೋಕದಲ್ಲಿ ಎಲ್ಲಿಯೂ ಇಲ್ಲ.

ಈ ಮಾತಿನ ಅರ್ಥವನ್ನು ತಿಳಿಯಬೇಕಾದರೆ ಇಮೇಲ್ ನಡೆಯುವ ರೀತಿಯನ್ನು ಸ್ವಲ್ಪ ಸಾವಧಾನದಿಂದ ನೋಡಬೇಕು. ೧೯೭೧ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರು ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ ಪತ್ರವನ್ನು ಕಳುಹಿಸುವಾಗ, ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ‘ಅಟ್’ ಎಂಬ ಚಿಹ್ನೆಯನ್ನು ಇರಿಸಿದನು. ಇಂಥ ಮನೆಯಲ್ಲಿರುವ ಇಂಥವನು ಎಂಬ ಅರ್ಥವು ಆ ಒಂದು ಚಿಹ್ನೆಯಿಂದ ಸಿದ್ಧಿಸಿತು. ೧೯೮೨ರ ಆಗಸ್ಟಿನಲ್ಲಿ ಜಾನ್ ಪೋಸ್ಟೆಲ್ ಎಂಬ ಮತ್ತೊಬ್ಬ ವಿದ್ವಾಂಸನು ಯಂತ್ರಯಂತ್ರಗಳ ನಡುವಣ ಅಂಚೆಯ ಸಂಭಾಷಣೆಗೆ ನಿಯಮಗಳನ್ನು ಬರೆದು ಪ್ರಕಟಿಸಿದನು. ಎಸ್‌ಎಂಟಿಪಿ ಎಂದು ಕರೆಯಲಾಗುವ ಆ ನಿಯಮಾವಳಿಯು ತಿದ್ದುಪಡಿಗಳೊಡನೆ ಇಂದಿಗೂ ಜಗತ್ತಿನ ಅಂಚೆಯನ್ನು ಹೊತ್ತು ನಡೆಯುತ್ತಿದೆ.

ಆ ಸಂಭಾಷಣೆಯು ನಮ್ಮ ಊರುಗಳ ಶಿಷ್ಟಾಚಾರದಷ್ಟೇ ಸರಳವಾದುದು. ಪತ್ರವನ್ನು ತಂದ ಯಂತ್ರವು ಬಾಗಿಲಲ್ಲಿ ನಿಂತು ಮೊದಲು ತನ್ನ ಹೆಸರನ್ನು ಹೇಳಿ ನಮಸ್ಕರಿಸುತ್ತದೆ. ಬಳಿಕ ಇದು ಇಂಥವರಿಂದ ಬಂದದ್ದು ಎನ್ನುತ್ತದೆ. ಆಮೇಲೆ ಇದು ಇಂಥವರಿಗೆ ಸಲ್ಲಬೇಕಾದದ್ದು ಎನ್ನುತ್ತದೆ. ಕೊನೆಯಲ್ಲಿ ಪತ್ರವನ್ನು ಒಪ್ಪಿಸುತ್ತದೆ. ಒಳಗಿನ ಯಂತ್ರವು ಪ್ರತಿಯೊಂದು ಮಾತಿಗೂ ಒಂದು ಸಂಖ್ಯೆಯಿಂದ ಉತ್ತರವೀಯುತ್ತದೆ. ೨೫೦ ಎಂದರೆ ಒಪ್ಪಿಗೆಯಾಯಿತು. ನಾಲ್ಕರಿಂದ ಆರಂಭವಾಗುವ ಸಂಖ್ಯೆಯಾದರೆ ಈಗ ಸಾಧ್ಯವಿಲ್ಲ, ಇನ್ನೊಮ್ಮೆ ಬಾ. ಐದರಿಂದ ಆರಂಭವಾಗುವ ಸಂಖ್ಯೆಯಾದರೆ ಇದು ಎಂದಿಗೂ ಸಲ್ಲದು. ಮತ್ತೆ ಬಾ ಎನ್ನಿಸಿಕೊಂಡ ಯಂತ್ರವು ಪತ್ರವನ್ನು ತನ್ನ ಸಾಲಿನಲ್ಲಿ ಇರಿಸಿಕೊಂಡು ಹಲವು ಬಾರಿ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್ ಎಂಬ ಪ್ರಸಿದ್ಧ ಅಂಚೆ ತಂತ್ರಾಂಶವು ಬೇರೆ ಅಪ್ಪಣೆಯಿಲ್ಲದಿದ್ದರೆ ೫ ದಿನಗಳವರೆಗೆ ಕಾಯ್ದು, ಆಮೇಲೆ ಪತ್ರವನ್ನು ಕಳುಹಿಸಿದವನಿಗೇ ಹಿಂದಿರುಗಿಸುತ್ತದೆ.

ಇಲ್ಲಿ ಸಾಮಾನ್ಯರು ಗಮನಿಸದ ಒಂದು ಸೂಕ್ಷ್ಮವಿದೆ. ಇಮೇಲಿನಲ್ಲಿ ಕಳುಹಿಸಿದವನ ಹೆಸರು ಒಂದಲ್ಲ, ಎರಡು ಕಡೆ ಇರುತ್ತದೆ: ಲಕೋಟೆಯ ಮೇಲೆ ಒಂದು, ಪತ್ರದ ಒಳಗೆ ಒಂದು. ಶಾಲೆಯಲ್ಲಿ ನಾವು ಅರ್ಜಿ ಬರೆಯಲು ಕಲಿತಾಗ ಎಡಗಡೆಯ ಮೇಲ್ತುದಿಯಲ್ಲಿ ‘ಇಂದ’ ಎಂದು ಬರೆದು ಹೆಸರನ್ನು ಹಾಕುತ್ತಿದ್ದೆವು. ಅದು ಒಳಗಿನ ಹೆಸರು. ಓದುವವನ ಕಣ್ಣಿಗೆ ಬೀಳುವುದು ಇದೇ. ಸಾಮಾನ್ಯವಾಗಿ ಅವನು ‘ರಿಪ್ಲೈ’ ಒತ್ತಿದಾಗ ಉತ್ತರವು ಹೋಗುವುದೂ ಇಲ್ಲಿಗೇ. ಲಕೋಟೆಯ ಮೇಲಿನ ಹೆಸರನ್ನು ಓದುಗನು ನೋಡುವುದೇ ಇಲ್ಲ. ಅದು ಅಂಚೆಯವರ ಕೆಲಸಕ್ಕೆ ಮೀಸಲು. ಪತ್ರವು ಮುಟ್ಟದೆ ಹೋದರೆ ಯಾರಿಗೆ ಹಿಂದಿರುಗಿಸಬೇಕು ಎಂಬುದನ್ನು ನಿರ್ಣಯಿಸುವುದು ಆ ಹೆಸರು. ಎರಡೂ ಸಮರ್ಪಕವಾಗಿದ್ದಾಗ ಮಾತ್ರ ಪತ್ರಕ್ಕೆ ಮುಂದಿನ ದಾರಿಯೂ ಹಿಂದಿನ ದಾರಿಯೂ ತೆರೆದಿರುತ್ತವೆ.

ದೇವದುರ್ಗದ ಸರ್ವರಿಗೆ ಅದನ್ನು ಸ್ಥಾಪಿಸಿದವರು ‘ದೇವದುರ್ಗ ಡಾಟ್ ಲೋಕಲ್’ ಎಂದು ಹೆಸರಿಟ್ಟಿದ್ದರು. ಅದು ಒಳಬಳಕೆಯ ಹೆಸರು. ಯಂತ್ರವು ತಾನಾಗಿ ಬರೆಯುವ ಪತ್ರಕ್ಕೆ ‘ರೂಟ್ ಅಟ್ ದೇವದುರ್ಗ ಡಾಟ್ ಲೋಕಲ್’ ಎಂದು ಸಹಿ ಮಾಡುತ್ತಿತ್ತು. ಅದೇ ಕೋಣೆಯ ಇತರ ಯಂತ್ರಗಳಿಗೆ ಆ ಹೆಸರು ಗೊತ್ತು. ಹೊರಗಿನ ಲೋಕದ ಹೆಸರುಗಳ ಮಹಾಕೋಶವಾದ ಡಿಎನ್‌ಎಸ್‌ನಲ್ಲಿ ಅದಿಲ್ಲ. ದ್ವಾರಪಾಲಕನಂತಿರುವ ಹೊರಗಿನ ಸರ್ವರು, ಉತ್ತರ ಕೊಡಬೇಕೆಂದರೂ ದಾರಿಯಿಲ್ಲದ ಈ ಊರಿನವನು ಯಾರು ಎಂದು ಕೇಳಿ, ಪತ್ರವನ್ನು ಹೊರಗೇ ನಿಲ್ಲಿಸುತ್ತದೆ. ಹೀಗೆ ನಿಲ್ಲಿಸುವುದು ಅದರ ದುರಹಂಕಾರವೆಂದು ಭಾವಿಸಲಾಗದು. ಸುಳ್ಳು ವಿಳಾಸದ ಪತ್ರಗಳು ಪ್ರವಾಹವಾಗಿ ಹರಿಯುತ್ತಿರುವ ಕಾಲದಲ್ಲಿ ಅದು ತನ್ನ ಮನೆಯವರನ್ನು ರಕ್ಷಿಸುತ್ತಿದೆ.

ಒಳಗೆ ಸಲ್ಲುವುದು ಹೊರಗೆ ಸಲ್ಲದಿರುವ ಅನುಭವವು ರಾಯಚೂರಿನವರಿಗೆ ಹೊಸದೇನೂ ಅಲ್ಲ. ಈ ಪ್ರಾಂತವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಸಂಸ್ಥಾನಕ್ಕೆ ತನ್ನದೇ ಅಂಚೆ ಇಲಾಖೆಯಿತ್ತು. ೧೮೬೯ರಿಂದ ತನ್ನದೇ ಅಂಚೆಚೀಟಿಗಳೂ ಇದ್ದವು. ಆ ಚೀಟಿಯನ್ನು ಅಂಟಿಸಿದ ಲಕೋಟೆಯು ದೇವದುರ್ಗದಿಂದ ಹೈದರಾಬಾದಿನವರೆಗೆ ಗೌರವದಿಂದ ಹೋಗುತ್ತಿತ್ತು. ಸಂಸ್ಥಾನದ ಗಡಿಯನ್ನು ದಾಟಿ ಬಳ್ಳಾರಿಗೋ ಮದ್ರಾಸಿಗೋ ಹೋಗಬೇಕಾದರೆ ಬ್ರಿಟಿಷ್ ಇಂಡಿಯಾದ ಚೀಟಿ ಬೇಕಾಗುತ್ತಿತ್ತು. ೧೮೭೧ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುದಾರಿಯೂ ಮದ್ರಾಸಿನ ಕಡೆಯಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿಯೇ ಸೇರಿಕೊಂಡವು. ಭರತಖಂಡದ ಎರಡು ಕರಾವಳಿಗಳ ಟಪಾಲು ಇಲ್ಲಿಂದ ಹಾದುಹೋಗತೊಡಗಿತು. ಊರಿನ ಮಧ್ಯದಿಂದ ಲೋಕದ ಅಂಚೆಯೇ ಹರಿಯುತ್ತಿದ್ದರೂ ಅದರೊಳಗೆ ಸೇರಲು ಲೋಕದಲ್ಲಿ ಸಲ್ಲುವ ಮುದ್ರೆಯೊಂದು ಬೇಕೇ ಬೇಕು. ದೇವದುರ್ಗದ ಸರ್ವರು ಸಂಸ್ಥಾನದ ಚೀಟಿಯನ್ನು ಅಂಟಿಸಿ ಲಕೋಟೆಯನ್ನು ಮದ್ರಾಸಿನ ಡಬ್ಬಿಗೆ ಹಾಕುತ್ತಿತ್ತು. ಅದರ ದೋಷವು ಇಷ್ಟೇ.

ಪರಿಹಾರವು ಯಂತ್ರದ ಹೆಸರನ್ನೇ ಕಿತ್ತುಹಾಕುವುದರಲ್ಲಿಲ್ಲ. ಒಳಗಿನ ಹತ್ತಾರು ಕೆಲಸಗಳು ಆ ಹೆಸರನ್ನು ನೆಚ್ಚಿಕೊಂಡಿರುತ್ತವೆ. ಪತ್ರವು ಹೊಸ್ತಿಲನ್ನು ದಾಟುವ ಕ್ಷಣದಲ್ಲಿ ಮಾತ್ರ ಕಳುಹಿಸಿದವನ ವಿಳಾಸವನ್ನು ಹೊರಲೋಕವು ಬಲ್ಲ ವಿಳಾಸಕ್ಕೆ ಬದಲಿಸುವಂತೆ ಸರ್ವರಿಗೆ ಹೇಳಿಕೊಟ್ಟರೆ ಸಾಕು. ವಿಳಾಸವನ್ನು ಹೀಗೆ ತಿದ್ದುವ ಕಲೆಯು ಎರಿಕ್ ಆಲ್ಮನ್ ರಚಿಸಿದ ಸೆಂಡ್‌ಮೇಲ್ ತಂತ್ರಾಂಶದ ಕಾಲದಿಂದಲೂ ಇದೆ. ವೀಟ್ಸೆ ವೆನೆಮಾ ಎಂಬ ಡಚ್ ವಿಜ್ಞಾನಿಯು ಐಬಿಎಂ ಸಂಶೋಧನಾಲಯದಲ್ಲಿದ್ದಾಗ ರಚಿಸಿ ೧೯೯೮ರಲ್ಲಿ ಲೋಕಕ್ಕೆ ಮುಕ್ತವಾಗಿ ನೀಡಿದ ಪೋಸ್ಟ್‌ಫಿಕ್ಸ್‌ನಲ್ಲಿ, ೨೦೦೫ರ ೨.೨ ಆವೃತ್ತಿಯಿಂದ, ಇದಕ್ಕೆಂದೇ ‘ಜೆನೆರಿಕ್ ಮ್ಯಾಪ್ಸ್’ ಎಂಬ ಸೌಕರ್ಯವು ಸೇರಿತು. ಮನೆಯೊಳಗೆ ಮಾತ್ರ ಇರುವ ವಿಳಾಸಗಳನ್ನು ಆ ತಂತ್ರಾಂಶದ ಕೈಪಿಡಿಯು ಕಲ್ಪನೆಯ ವಿಳಾಸಗಳೆಂದೇ ಕರೆಯುತ್ತದೆ. ಅವುಗಳನ್ನು ಬಾಗಿಲಿನಲ್ಲಿ ನಿಜವಾದ ವಿಳಾಸಗಳಿಗೆ ಬದಲಿಸುವುದು ಈ ಸೌಕರ್ಯದ ಕೆಲಸ.

ಆ ಹುಡುಗನೂ ನಾನೂ ಒಂದು ಮಧ್ಯಾಹ್ನ ಕುಳಿತು ಇದನ್ನು ಮಾಡಿದೆವು. ಮೊದಲು ಎರಡು ಕಂಬಗಳ ಒಂದು ಪಟ್ಟಿ. ಎಡಗಡೆ ಮನೆಯ ಹೆಸರು, ಬಲಗಡೆ ಹೊರಗಿನ ಹೆಸರು. ಯಂತ್ರವು ರೋಮನ್ ಲಿಪಿಯನ್ನೇ ಬೇಡುತ್ತದೆಯಾದರೂ ಓದುಗರ ಅನುಕೂಲಕ್ಕಾಗಿ, ನಿಜವಾದ ಹೆಸರುಗಳ ಸ್ಥಾನದಲ್ಲಿ ಉದಾಹರಣೆಯ ಹೆಸರುಗಳನ್ನಿಟ್ಟು, ಕನ್ನಡದಲ್ಲಿ ಬರೆದು ತೋರಿಸುತ್ತೇನೆ:

ರೂಟ್@ದೇವದುರ್ಗ.ಲೋಕಲ್ — ದೇವದುರ್ಗ@ಉದಾಹರಣೆ.ಇನ್
ಲೆಕ್ಕ@ದೇವದುರ್ಗ.ಲೋಕಲ್ — ಲೆಕ್ಕ@ಉದಾಹರಣೆ.ಇನ್
ಗೋದಾಮು@ಮಾನವಿ.ಲೋಕಲ್ — ಮಾನವಿ@ಉದಾಹರಣೆ.ಇನ್

“ಒಬ್ಬೊಬ್ಬರದ ಯಾಕ ಬರೀಬೇಕ್ರಿ ಸರ್? ದೇವದುರ್ಗದ್ದೆಲ್ಲ ಒಂದ ವಿಳಾಸಕ್ಕ ಹಾಕಿಬಿಟ್ರ ಆಗಂಗಿಲ್ಲೇನು?” ಎಂದು ಹುಡುಗನು ಕೇಳಿದನು. ಆಗುತ್ತದೆ. ಎಡಗಡೆ ವ್ಯಕ್ತಿಯ ಹೆಸರನ್ನು ಬಿಟ್ಟು ‘ಅಟ್’ ಚಿಹ್ನೆಯಿಂದ ಆರಂಭಿಸಿ ಮನೆಯ ಹೆಸರನ್ನು ಮಾತ್ರ ಬರೆದರೆ, ಆ ಮನೆಯವರೆಲ್ಲರಿಗೂ ಬಲಗಡೆಯ ವಿಳಾಸವು ಅನ್ವಯಿಸುತ್ತದೆ; ಬಲಗಡೆಯೂ ಮನೆಯ ಹೆಸರನ್ನು ಮಾತ್ರ ಬರೆದರೆ ವ್ಯಕ್ತಿಗಳ ಹೆಸರು ಹಾಗೆಯೇ ಉಳಿದು ಮನೆಯ ಹೆಸರು ಮಾತ್ರ ಬದಲಾಗುತ್ತದೆ. ಪೋಸ್ಟ್‌ಫಿಕ್ಸ್ ಮೊದಲು ಪೂರ್ಣ ವಿಳಾಸವನ್ನು ಹುಡುಕುತ್ತದೆ. ಅದು ಸಿಕ್ಕದಿದ್ದಾಗ, ತನ್ನ ಸ್ವಂತ ಮನೆಯವರ ಮಟ್ಟಿಗೆ, ಬರಿಯ ಹೆಸರನ್ನು ಹುಡುಕುತ್ತದೆ. ಅದೂ ಇಲ್ಲದಿದ್ದಾಗ ಇಡೀ ಮನೆತನದ ಸಾಲನ್ನು ನೋಡುತ್ತದೆ. ಆದರೆ ಎಲ್ಲರನ್ನೂ ಒಂದೇ ವಿಳಾಸದ ಕೆಳಗೆ ತಂದಲ್ಲಿ, ಉತ್ತರವು ಬಂದಾಗ ಅದು ಯಾರ ಪತ್ರಕ್ಕೆ ಬಂದದ್ದೆಂದು ಹೇಳುವವರಿರುವುದಿಲ್ಲ. ಆದಕಾರಣ ನಾವು ಒಂದೊಂದನ್ನೂ ಬೇರೆ ಬೇರೆಯಾಗಿಯೇ ಬರೆದೆವು.

ಪಟ್ಟಿಯನ್ನು ಬರೆದ ಬಳಿಕ ‘ಪೋಸ್ಟ್‌ಮ್ಯಾಪ್’ ಎಂಬ ಆಜ್ಞೆಯಿಂದ ಅದನ್ನು ಯಂತ್ರವು ಬೇಗನೆ ಹುಡುಕಬಲ್ಲ ರೂಪಕ್ಕೆ ಪರಿವರ್ತಿಸಬೇಕು. ಪಟ್ಟಿಯನ್ನು ತಿದ್ದಿದಾಗಲೆಲ್ಲ ಈ ಕೆಲಸವನ್ನು ಮರಳಿ ಮಾಡಬೇಕು, ಇಲ್ಲವಾದರೆ ಯಂತ್ರವು ಹಳೆಯ ಪಟ್ಟಿಯನ್ನೇ ಓದುತ್ತಿರುತ್ತದೆ. ಅನಂತರ ಪೋಸ್ಟ್‌ಫಿಕ್ಸ್‌ನ ಮುಖ್ಯ ಕಡತವಾದ ‘ಮೇನ್ ಡಾಟ್ ಸಿಎಫ್’ನಲ್ಲಿ, ಹೊರಗೆ ಹೋಗುವ ಅಂಚೆಯ ಜೆನೆರಿಕ್ ಪಟ್ಟಿಯು ಇಂಥ ಕಡೆ ಇದೆ ಎಂಬ ಒಂದು ಸಾಲನ್ನು ಸೇರಿಸಿ, ತಂತ್ರಾಂಶಕ್ಕೆ ಕಡತಗಳನ್ನು ಹೊಸದಾಗಿ ಓದಿಕೊಳ್ಳುವಂತೆ ‘ರೀಲೋಡ್’ ಎಂಬ ಅಪ್ಪಣೆಯನ್ನು ಕೊಡಬೇಕು. ಪಟ್ಟಿಯು ಸರಿಯಾಗಿದೆಯೇ ಎಂದು ತಿಳಿಯಲು ಪೋಸ್ಟ್‌ಮ್ಯಾಪನ್ನೇ ಪ್ರಶ್ನಿಸಬಹುದು: ಮನೆಯ ಹೆಸರನ್ನು ಕೊಟ್ಟು ಕೇಳಿದರೆ ಹೊರಗಿನ ಹೆಸರನ್ನು ಅದು ಹೇಳುತ್ತದೆ.

ಇಷ್ಟೆಲ್ಲವನ್ನೂ ಮಾಡಿ ಒಂದು ಪತ್ರವನ್ನು ಕಳುಹಿಸಿ, ಸರ್ವರಿನ ದಿನಚರಿಯಾದ ಲಾಗ್ ಕಡತವನ್ನು ತೆರೆದಾಗ ಹುಡುಗನ ಮುಖವು ಬಾಡಿತು. ಅಲ್ಲಿ ಕಳುಹಿಸಿದವನ ಸ್ಥಾನದಲ್ಲಿ ಹಳೆಯ ‘ದೇವದುರ್ಗ ಡಾಟ್ ಲೋಕಲ್’ ಹೆಸರೇ ಇತ್ತು. ಮೊದಲ ಬಾರಿಗೆ ಈ ಕೆಲಸವನ್ನು ಮಾಡುವವರಲ್ಲಿ ಅನೇಕರು ಇಲ್ಲಿ ಎದೆಗುಂದುತ್ತಾರೆ. ದಿನಚರಿಯಲ್ಲಿ ಕಳುಹಿಸಿದವನ ಹೆಸರನ್ನು ಬರೆಯುವುದು ಪತ್ರಗಳ ಸಾಲನ್ನು ನೋಡಿಕೊಳ್ಳುವ ಒಳಗಿನ ವಿಭಾಗ. ಹೆಸರನ್ನು ಬದಲಿಸುವುದು ಪತ್ರವನ್ನು ಹೊರಗಿನವರ ಕೈಗೆ ಕೊಡುವ ಕಟ್ಟಕಡೆಯ ವಿಭಾಗ. ಒಳಗಿನವನು ಒಳಗಿನ ಹೆಸರನ್ನೇ ಬರೆದಿದ್ದಾನೆ. ನಿಜವಾದ ಸಾಕ್ಷ್ಯವು ಸಿಕ್ಕುವುದು ಪತ್ರವನ್ನು ಪಡೆದವನ ಕಡೆ: ಅಲ್ಲಿ ಪತ್ರದ ಪೂರ್ಣ ತಲೆಬರಹವನ್ನು ತೆರೆದರೆ ‘ರಿಟರ್ನ್ ಪಾತ್’ ಎಂಬ ಸಾಲಿನಲ್ಲಿ ಲಕೋಟೆಯ ಮೇಲಿನ ಹೆಸರೂ ‘ಫ್ರಮ್’ ಎಂಬ ಸಾಲಿನಲ್ಲಿ ಒಳಗಿನ ಹೆಸರೂ ಕಾಣುತ್ತವೆ. ಎರಡೂ ಬದಲಾಗಿದ್ದವು.

ಹೆಸರು ಹೊಸ್ತಿಲಿನಲ್ಲಿಯೇ ಬದಲಾಗಬೇಕೆಂಬ ನಿರ್ಬಂಧವೇನೂ ಇಲ್ಲ. ಪೋಸ್ಟ್‌ಫಿಕ್ಸ್‌ನಲ್ಲಿ ಬೇರೆ ದಾರಿಗಳೂ ಇವೆ, ಅವುಗಳ ನಡುವಣ ವ್ಯತ್ಯಾಸವನ್ನು ಅರಿತವನೇ ಜಾಣ. ‘ಕ್ಯಾನೋನಿಕಲ್ ಮ್ಯಾಪ್ಸ್’ ಎಂಬುದು ಪತ್ರವು ಸರ್ವರಿನೊಳಗೆ ಕಾಲಿಟ್ಟ ಕೂಡಲೆ ಹೆಸರನ್ನು ಬದಲಿಸುತ್ತದೆ. ಅಲ್ಲಿಂದಾಚೆಗೆ ಒಳಗಿನವರಿಗೂ ಹೊರಗಿನವರಿಗೂ ಹೊಸ ಹೆಸರೇ ಕಾಣುತ್ತದೆ. ಕಳುಹಿಸಿದವನ ಹೆಸರಿಗೆ ಮಾತ್ರ ಅದನ್ನು ಸೀಮಿತಗೊಳಿಸುವ ಬೇರೊಂದು ಪಟ್ಟಿಯೂ ಉಂಟು. ‘ಮಾಸ್ಕರೇಡ್’ ಎಂಬ ಮೂರನೆಯ ಕ್ರಮವು ಯಂತ್ರದ ಹೆಸರನ್ನು ಮರೆಮಾಡಿ ಸಂಸ್ಥೆಯ ಹೆಸರನ್ನು ಮಾತ್ರ ಉಳಿಸುತ್ತದೆ: ಒಂದು ಸಂಸ್ಥೆಗೆ ಊರಿಗೊಂದರಂತೆ ಯಂತ್ರಗಳಿದ್ದರೂ ಹೊರಗೆ ಹೋಗುವಾಗ ಎಲ್ಲರ ವಿಳಾಸದಲ್ಲಿಯೂ ಸಂಸ್ಥೆಯ ಹೆಸರೊಂದೇ ಇರುತ್ತದೆ. ಸಣ್ಣ ಕಚೇರಿಗೆ, ಅದರಲ್ಲಿಯೂ ಒಳಗಿನ ಹೆಸರುಗಳು ಒಳಗಿನವರಿಗೆ ಪರಿಚಿತವಾಗಿಯೇ ಉಳಿಯಬೇಕೆಂಬ ಕಡೆಗೆ, ಜೆನೆರಿಕ್ ಪಟ್ಟಿಯೇ ಯೋಗ್ಯವಾದುದು. ಭಾಗಣ್ಣನು ಮನೆಯವರಿಗೆ ಭಾಗಣ್ಣನಾಗಿಯೇ ಇದ್ದನಲ್ಲವೆ?

ಈಗ ಗಂಭೀರವಾದ ಪ್ರಶ್ನೆಯೊಂದು ಏಳುತ್ತದೆ. ಕಳುಹಿಸಿದವನ ಹೆಸರನ್ನು ಇಷ್ಟು ಸುಲಭವಾಗಿ ಬದಲಿಸಬಹುದಾದರೆ, ಬ್ಯಾಂಕಿನ ಹೆಸರಿನಲ್ಲಿ ಪತ್ರ ಬರೆದು ಬಡ ರೈತನ ಖಾತೆಯನ್ನು ಬರಿದುಮಾಡುವವನು ಮಾಡುವುದೂ ಇದನ್ನೇ ಅಲ್ಲವೆ? ಕೈಚಳಕ ಒಂದೇ; ಧರ್ಮ ಬೇರೆ. ೧೯೮೨ರ ನಿಯಮಾವಳಿಯು ಪರಸ್ಪರ ನಂಬಿಕೆಯುಳ್ಳ ಕೆಲವೇ ವಿದ್ವಾಂಸರ ಕಾಲದ್ದು. ಲಕೋಟೆಯ ಮೇಲೆ ಏನು ಬರೆದರೂ ಅದನ್ನು ನಂಬುವುದು ಅದರ ಸ್ವಭಾವ. ಆ ನಂಬಿಕೆಯನ್ನು ದುಷ್ಟರು ದುರುಪಯೋಗಪಡಿಸಿಕೊಂಡ ಬಳಿಕ, ಅಂಕಿತವನ್ನು ಕೊಡುವ ಗುರುವಿನ ಅಧಿಕಾರದಂತಹುದೊಂದನ್ನು ಲೋಕವು ನಿರ್ಮಿಸಿಕೊಳ್ಳಬೇಕಾಯಿತು.

ಆ ಅಧಿಕಾರವು ಇಂದು ಮೂರು ರೂಪಗಳಲ್ಲಿದೆ. ಮೊದಲನೆಯದಾದ ಎಸ್‌ಪಿಎಫ್ ಎಂಬುದು ಒಂದು ಬಹಿರಂಗ ಘೋಷಣೆ: ಒಂದು ಹೆಸರಿನ ಒಡೆಯನು, ತನ್ನ ಹೆಸರಿನಲ್ಲಿ ಲಕೋಟೆಗಳನ್ನು ಹೊರಡಿಸಲು ಇಂಥಿಂಥ ಯಂತ್ರಗಳಿಗೆ ಮಾತ್ರ ಅಧಿಕಾರವಿದೆ ಎಂದು ಡಿಎನ್‌ಎಸ್‌ನಲ್ಲಿ ಪ್ರಕಟಿಸುತ್ತಾನೆ. ಎರಡನೆಯದಾದ ಡಿಕೆಐಎಂ ಎಂಬುದು ಅರಗಿನ ಮುದ್ರೆ: ಪತ್ರದ ಮೇಲೆ ಗಣಿತದ ಗುಪ್ತ ಕೀಲಿಯಿಂದ ಒತ್ತಿದ ಈ ಮುದ್ರೆಯನ್ನು ಪಡೆದವನು ಬಹಿರಂಗ ಕೀಲಿಯಿಂದ ಪರೀಕ್ಷಿಸುತ್ತಾನೆ; ಮುದ್ರೆ ಬಿದ್ದ ಬಳಿಕ ಯಾರಾದರೂ ಕಳುಹಿಸಿದವನ ಹೆಸರನ್ನು ತಿದ್ದಿದ್ದರೆ ಮುದ್ರೆಯು ಒಡೆಯುತ್ತದೆ. ಮೂರನೆಯದಾದ ಡಿಎಂಎಆರ್‌ಸಿ ಎಂಬುದು, ಈ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಹೆಸರೂ ಓದುಗನಿಗೆ ಕಾಣುವ ಹೆಸರೂ ಒಂದೇ ಮನೆತನದವೋ ಎಂದು ಹೋಲಿಸಿ, ಹಾಗಿಲ್ಲದ ಪತ್ರವನ್ನು ಏನು ಮಾಡಬೇಕೆಂಬ ಒಡೆಯನ ಇಚ್ಛೆಯನ್ನು ತಿಳಿಸುತ್ತದೆ. ೨೦೨೪ರ ಫೆಬ್ರುವರಿಯಿಂದ ಗೂಗಲ್, ಯಾಹೂ ಸಂಸ್ಥೆಗಳು ಈ ನಿಯಮಗಳನ್ನು ಬಿಗಿಗೊಳಿಸಿವೆ; ಜಿಮೇಲಿನವರಿಗೆ ದಿನಕ್ಕೆ ೫,೦೦೦ಕ್ಕೆ ಮೇಲ್ಪಟ್ಟು ಪತ್ರಗಳನ್ನು ಕಳುಹಿಸುವವರಿಗೆ ಮೂರೂ ಬೇಕು, ಅಲ್ಪ ಸ್ವಲ್ಪ ಕಳುಹಿಸುವವರಿಗೂ ಮೊದಲೆರಡರಲ್ಲಿ ಒಂದಾದರೂ ಬೇಕು.

ಇದರಿಂದ ಹೆಸರು ಬದಲಿಸುವವನು ಪಾಲಿಸಬೇಕಾದ ಒಂದು ಕ್ರಮವು ತಾನಾಗಿ ಸಿದ್ಧಿಸುತ್ತದೆ: ಮೊದಲು ಹೆಸರು, ಆಮೇಲೆ ಮುದ್ರೆ. ಜೆನೆರಿಕ್ ಪಟ್ಟಿಯು ಹೆಸರನ್ನು ಬದಲಿಸುವುದು ಕಟ್ಟಕಡೆಯ ಘಳಿಗೆಯಲ್ಲಿ. ಅದೇ ಸರ್ವರಿನೊಳಗೆ ಅದಕ್ಕೆ ಮೊದಲೇ ಮುದ್ರೆಯನ್ನು ಒತ್ತಿದ್ದರೆ, ನಾವೇ ಒತ್ತಿದ ಮುದ್ರೆಯನ್ನು ನಾವೇ ಒಡೆದಂತಾಗುತ್ತದೆ. ದೇವದುರ್ಗದ ಕಚೇರಿಯಂತಹ ಕಡೆಗಳಲ್ಲಿ ಸುಲಭೋಪಾಯವೆಂದರೆ, ಪತ್ರವನ್ನು ನೇರವಾಗಿ ಲೋಕಕ್ಕೆ ಬಿಡದೆ, ಆ ಹೆಸರಿನ ಅಂಚೆಯನ್ನು ನಡೆಯಿಸುವ ಸಂಸ್ಥೆಯ ಸರ್ವರಿಗೆ, ೫೮೭ನೆಯ ಸಂಖ್ಯೆಯ ಬಾಗಿಲಿನಲ್ಲಿ, ಬಳಕೆದಾರನ ಹೆಸರನ್ನೂ ಪಾಸ್‌ವರ್ಡನ್ನೂ ತೋರಿಸಿ ಒಪ್ಪಿಸುವುದು. ಆ ಸಂಸ್ಥೆಯು ನಮ್ಮ ಖಾತೆಗೆ ಸೇರಿದ ಹೆಸರಾದರೆ ಮಾತ್ರ ಸ್ವೀಕರಿಸಿ, ತನ್ನ ಮುದ್ರೆಯನ್ನು ಒತ್ತಿ, ಮುಂದಕ್ಕೆ ಕಳುಹಿಸುತ್ತದೆ. ಕೊಡುವ ಅಧಿಕಾರವುಳ್ಳವನಿಂದಲೇ ಹೆಸರನ್ನು ಪಡೆಯಬೇಕೆಂಬ ಅಂಕಿತದ ನಿಯಮವು ಇಲ್ಲಿ ಅಕ್ಷರಶಃ ಪಾಲನೆಯಾಗುತ್ತದೆ.

ಒಬ್ಬರ ಸಂದೇಶವು ಇನ್ನೊಬ್ಬರ ಕೈಯಿಂದ ಹೋಗುವಾಗ ಯಾರ ಹೆಸರು ಎಲ್ಲಿರಬೇಕು ಎಂಬ ವಿಚಾರವನ್ನು ಕನ್ನಡ ನೆಲದ ಬಂಡೆಗಳು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆಯೇ ತೋರಿಸಿಕೊಟ್ಟಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಕಂಡುಹಿಡಿದ ಮೌರ್ಯ ಶಾಸನವು ಚಕ್ರವರ್ತಿಯ ಮಾತಿನಿಂದ ಆರಂಭವಾಗುವುದಿಲ್ಲ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಕೋರಿ ಕಳುಹಿಸಿದ ಮಾತು ಅದರ ಮೊದಲಲ್ಲಿದೆ. ದೇವಾನಾಂಪ್ರಿಯನೆಂಬ ಆ ಚಕ್ರವರ್ತಿಯ ಆಜ್ಞೆಯು ಅದರ ಬಳಿಕ ಬರುತ್ತದೆ. ಕೊನೆಯಲ್ಲಿ ಬರೆದ ಲಿಪಿಕಾರನಾದ ಚಪಡನ ಹೆಸರಿದ್ದು, ಲಿಪಿಕಾರನೆಂಬ ಪದವನ್ನು ಅವನು ದೂರದ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಲಕೋಟೆಯ ಮೇಲೆ ದಾರಿಯಲ್ಲಿ ಕೈಬದಲಿಸಿದವರ ಹೆಸರು, ಒಳಗೆ ಮೂಲಪುರುಷನ ಹೆಸರು, ತುದಿಯಲ್ಲಿ ಪತ್ರವನ್ನು ಸಿದ್ಧಪಡಿಸಿದವನ ಗುರುತು: ಪತ್ರದ ಮೂರು ಹೊಣೆಗಾರಿಕೆಗಳೂ ಆ ಬಂಡೆಯ ಮೇಲೆ ಸ್ಪಷ್ಟವಾಗಿ ಬೇರ್ಪಟ್ಟು ನಿಂತಿವೆ.

ಆದರೂ ಆ ಮೂಲಪುರುಷನು ಯಾರು ಎಂಬ ಸಂದೇಹವು ಬಹುಕಾಲ ಉಳಿದಿತ್ತು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಕಂಡುಬಂದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಅವು ಅಶೋಕನವೇ ಎಂಬ ವಿದ್ವಾಂಸರ ನಿರ್ಣಯಕ್ಕೆ ಕಲ್ಲಿನ ಸಾಕ್ಷ್ಯ ದೊರೆತದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರಾದ ಬೀಡನ್ ಅವರು ಅಲ್ಲಿಯ ಬಂಡೆಯ ಮೇಲೆ ಕಂಡ ಶಾಸನದಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಇದ್ದಿತು. ಹೊರಗಿನ ಹೆಸರನ್ನೂ ಮನೆಯ ಹೆಸರನ್ನೂ ಒಂದೇ ಸಾಲಿನಲ್ಲಿ ಹಿಡಿದಿಟ್ಟ ಆ ಬಂಡೆಯು, ನಾವು ದೇವದುರ್ಗದಲ್ಲಿ ಬರೆದ ಎರಡು ಕಂಬಗಳ ಪಟ್ಟಿಯ ಹಿರಿಯಜ್ಜನೆಂದು ನನಗೆ ತೋರುತ್ತದೆ. ಬಿರುದನ್ನು ಧರಿಸುವುದು ತಪ್ಪಲ್ಲ. ಬಿರುದನ್ನೂ ವ್ಯಕ್ತಿಯನ್ನೂ ಬೆಸೆಯುವ ಪಟ್ಟಿಯು ಎಲ್ಲಿಯೋ ಒಂದು ಕಡೆ ಅಳಿಯದೆ ಇರಬೇಕು.

ಆ ಬೆಸುಗೆಯು ಹಿಂದಿನ ದಾರಿಯಲ್ಲಿಯೂ ಗಟ್ಟಿಯಾಗಿರಬೇಕು. ಹೊರಗಿನ ಹೆಸರನ್ನು ಪಟ್ಟಿಯಲ್ಲಿ ಬರೆದುಬಿಟ್ಟರೆ ಕೆಲಸವು ಅರ್ಧವಾಯಿತಷ್ಟೇ. ಆ ಹೆಸರಿಗೆ ಬರುವ ಉತ್ತರವು ಯಾರಾದರೊಬ್ಬರು ದಿನವೂ ತೆರೆಯುವ ಪೆಟ್ಟಿಗೆಯನ್ನು ಸೇರುವಂತೆ ಮಾಡಿದಾಗಲೇ ಅದು ಪೂರ್ಣವಾಗುತ್ತದೆ. ದೇವದುರ್ಗದ ಹೆಸರಿಗೆ ಬಂದದ್ದು ಅಲ್ಲಿಯ ಗುಮಾಸ್ತರಿಗೆ, ಮಾನವಿಯ ಹೆಸರಿಗೆ ಬಂದದ್ದು ಗೋದಾಮಿನವರಿಗೆ, ಎರಡರ ಪ್ರತಿಯೂ ರಾಯಚೂರಿನ ಅಂಗಡಿಗೆ ಸೇರುವಂತೆ ನಾವು ಏರ್ಪಡಿಸಿದೆವು. ಉತ್ತರಿಸಬೇಡಿ ಎಂದು ವಿಳಾಸದಲ್ಲಿಯೇ ಬರೆದುಕೊಂಡು ಪತ್ರ ಹೊರಡಿಸುವ ದೊಡ್ಡ ಸಂಸ್ಥೆಗಳ ರೂಢಿಯು ನನಗೆ ಎಂದೂ ಹಿಡಿಸಿಲ್ಲ. ನಮ್ಮ ಮಾತನ್ನು ಕೇಳು ಎನ್ನುವವನು ಕೇಳಿದವನ ಮಾತಿಗೂ ಬಾಗಿಲನ್ನು ತೆರೆದಿಡಬೇಕು.

ಇನ್ನು ನಮ್ಮ ಲಿಪಿಯ ಮಾತು. ಇಮೇಲ್ ವಿಳಾಸವನ್ನು ಕನ್ನಡದಲ್ಲಿಯೇ ಬರೆಯಲು ಅವಕಾಶವೀಯುವ ನಿಯಮವು ೨೦೧೨ರಲ್ಲಿ ಪ್ರಕಟವಾಯಿತು. ೨೦೧೫ರಲ್ಲಿ ಹೊರಬಂದ ಪೋಸ್ಟ್‌ಫಿಕ್ಸ್ ೩.೦ ಅದನ್ನು ಅಳವಡಿಸಿಕೊಂಡಿತು; ‘ಡಾಟ್ ಭಾರತ’ ಎಂಬ ಕೊನೆಯ ಹೆಸರು ಕನ್ನಡ ಅಕ್ಷರಗಳಲ್ಲಿಯೂ ಇದೆ. ಆದರೆ ದಾರಿಯಲ್ಲಿರುವ ಎಲ್ಲ ಸರ್ವರುಗಳೂ ಇನ್ನೂ ಈ ನಿಯಮವನ್ನು ಕಲಿತಿಲ್ಲವಾದ್ದರಿಂದ, ಕನ್ನಡ ವಿಳಾಸವುಳ್ಳವನು ಅದಕ್ಕೆ ಸಮನಾದ ರೋಮನ್ ವಿಳಾಸವೊಂದನ್ನೂ ಜೊತೆಗೆ ಇರಿಸಿಕೊಳ್ಳುವುದು ವಿವೇಕ. ಇಲ್ಲಿಯೂ ಮತ್ತದೇ ಎರಡು ಕಂಬಗಳು: ಒಳಗೆ ನಮ್ಮ ನುಡಿ, ಹೊರಗೆ ಲೋಕದ ನುಡಿ. ಮಾನವಿಯ ಗೋದಾಮಿನವನು ತನ್ನ ವಿಳಾಸವನ್ನು ತಾನು ಓದಬಲ್ಲ ಅಕ್ಷರಗಳಲ್ಲಿಯೇ ಬರೆದು, ಅದು ಯಾವ ತಡೆಯೂ ಇಲ್ಲದೆ ಲೋಕವನ್ನು ಸುತ್ತಿ ಬರುವ ದಿನವನ್ನು ನಾನು ಹಾರೈಸುತ್ತೇನೆ.

ಪಟ್ಟಿಯನ್ನು ಬರೆದ ಆ ದಿನ ಸಂಜೆ ನಾವು ನಡುರಾತ್ರಿಯವರೆಗೆ ಕಾಯದೆ ವರದಿಯನ್ನು ಕೈಯಿಂದಲೇ ಹೊರಡಿಸಿದೆವು. ಹುಡುಗನು ಪರದೆಯ ಮೇಲೆ ಕಣ್ಣಿಟ್ಟು ಕುಳಿತಿದ್ದನು. ೨೫೦ ಎಂಬ ಸಂಖ್ಯೆ ಬಂದಿತು. ಅದು ಹೊರಗಿನ ಯಂತ್ರವು ಒಪ್ಪಿಕೊಂಡಿತೆಂಬುದಕ್ಕೆ ಸಾಕ್ಷಿ. ಮನುಷ್ಯನಿಗೆ ಮುಟ್ಟಿತೆಂಬುದಕ್ಕೆ ಸಾಕ್ಷಿಯಲ್ಲ. ಅವನು ಏಳಲಿಲ್ಲ. ಚಹಾ ಬಂದು ಆರಿತು. ಸ್ವಲ್ಪ ಹೊತ್ತಿನ ಮೇಲೆ, ರಾಯಚೂರಿನ ಗಂಜಿನಿಂದ, ಫೋನಿನಲ್ಲಿ ಕನ್ನಡವನ್ನು ಒಂದೊಂದೇ ಅಕ್ಷರವಾಗಿ ಒತ್ತುವ ಅಭ್ಯಾಸವುಳ್ಳ ಸಾಹುಕಾರರ ಉತ್ತರವು ದೇವದುರ್ಗದ ಹೊಸ ವಿಳಾಸವನ್ನು ಹುಡುಕಿಕೊಂಡು ಬಂದು ಗುಮಾಸ್ತರ ಪೆಟ್ಟಿಗೆಯಲ್ಲಿ ಕಾಣಿಸಿಕೊಂಡಿತು. ಅದರಲ್ಲಿದ್ದುದು ಒಂದೇ ಪದ: ‘ಮುಟ್ಟಿತು’.